ಹಳ್ಳಿಯಲ್ಲಿರುವ ಅಪ್ಪ-ಅಮ್ಮನನ್ನು ವೀಡಿಯೊದಲ್ಲಿ ಡಾಕ್ಟರ್‌ಗೆ ತೋರಿಸಲು ಯಾವ ಆ್ಯಪ್ ಒಳ್ಳೆಯದು?

ನೀವು ಕೇಳಿದ್ದು ಇಷ್ಟು: ಅಪ್ಪ-ಅಮ್ಮ ಹೊಸನಗರದ ಕಡೆಯ ಹಳ್ಳಿಯಲ್ಲಿದ್ದಾರೆ, ನೀವು ಬೆಂಗಳೂರಿನಲ್ಲಿ. ಅಪ್ಪನಿಗೆ ಶುಗರ್, ಅಮ್ಮನಿಗೆ ಬಿಪಿ. ಶಿವಮೊಗ್ಗಕ್ಕೆ ಹೋಗಿ ತೋರಿಸಿ ಬರುವಷ್ಟರಲ್ಲಿ ಒಂದು ದಿನ ಕಳೆದುಹೋಗುತ್ತದೆ. ಮನೆಯಿಂದಲೇ ತೋರಿಸಲು ಯಾವ ಆ್ಯಪ್ ಹಾಕಿಕೊಡಲಿ?

ನಾನು ಡಾಕ್ಟರ್ ಅಲ್ಲ. ಇದೇ ಜಿಲ್ಲೆಯ ತಾಲ್ಲೂಕು ಪೇಟೆಯೊಂದರಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಫಾರ್ಮಸಿಸ್ಟ್. ಯಾವ ಆ್ಯಪ್‌ನಲ್ಲಿ ತೋರಿಸಿದರೂ ಅದರ ಚೀಟಿ ಹಿಡಿದು ಜನ ಬರುವುದು ನಮ್ಮಂಥವರ ಕೌಂಟರಿಗೆ. ಜಾಹೀರಾತಿಗಿಂತ ಚೀಟಿಯೇ ನನಗೆ ಹೆಚ್ಚು ಪರಿಚಯ. ಅದರ ಮೇಲೆ ಹೇಳುವುದಾದರೆ, ಆ್ಯಪ್ ಹುಡುಕುವ ಮೊದಲು ಅಪ್ಪ ಈಗ ತೋರಿಸುತ್ತಿರುವ ಡಾಕ್ಟರನ್ನೇ ಕೇಳಿ: 'ಸರ್, ನೀವು ವೀಡಿಯೊದಲ್ಲಿ ನೋಡ್ತೀರಾ? ಯಾವುದರಲ್ಲಿ?' ಅವರು ಪ್ರಾಕ್ಟೋ (ಡಾಕ್ಟರನ್ನು ಬುಕ್ ಮಾಡುವ ಖಾಸಗಿ ಆ್ಯಪ್) ಅಂದರೆ ಪ್ರಾಕ್ಟೋ, ಆಸ್ಪತ್ರೆಯದೇ ಆ್ಯಪ್ ಅಂದರೆ ಅದು, ವಾಟ್ಸ್ಆ್ಯಪ್ ಅಂದರೆ ವಾಟ್ಸ್ಆ್ಯಪ್. ನಿಮ್ಮ ಆಯ್ಕೆ ಅಲ್ಲಿಗೇ ಮುಗಿಯಬಹುದು.

ಇದು ಬರೀ ನನ್ನ ಅಭಿಪ್ರಾಯವಲ್ಲ, ನಿಯಮವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಲಾಕ್‌ಡೌನ್ ಶುರುವಾದ ದಿನವೇ, 2020ರ ಮಾರ್ಚ್ 25ಕ್ಕೆ, ಟೆಲಿಮೆಡಿಸಿನ್, ಅಂದರೆ ಫೋನು-ವೀಡಿಯೊದಲ್ಲಿ ರೋಗಿಯನ್ನು ನೋಡುವುದರ ಬಗ್ಗೆ ಸರ್ಕಾರದ ಮಾರ್ಗಸೂಚಿ ಬಂತು. ಫೋನಿನಲ್ಲಿ ಯಾವ ಔಷಧಿ ಬರೆಯಬಹುದು, ಯಾವುದು ಕೂಡದು ಎಂದು ಅದರಲ್ಲಿ ಪಟ್ಟಿಗಳೇ ಇವೆ. ಪ್ಯಾರಾಸಿಟಮಾಲ್, ಓಆರ್‌ಎಸ್ ತರಹದವನ್ನು ಹೇಗೆ ಮಾತಾಡಿದರೂ ಬರೆಯಬಹುದು. ಇನ್ನು ಕೆಲವನ್ನು ಮೊದಲ ಭೇಟಿಯಲ್ಲೇ ಬರೆಯಬೇಕಾದರೆ ವೀಡಿಯೊ ಬೇಕೇ ಬೇಕು. ಮಾರ್ಫಿನ್‌ನಂಥ ಮಾದಕ ಔಷಧಿಗಳನ್ನು ಬರೆಯುವಂತೆಯೇ ಇಲ್ಲ. ನಿಮಗೆ ಮುಖ್ಯವಾದದ್ದು ಇವುಗಳ ಮಧ್ಯದ ಪಟ್ಟಿ: ಈಗಾಗಲೇ ಶುಗರ್, ಬಿಪಿ ಮಾತ್ರೆ ನಡೆಯುತ್ತಿದ್ದು, ಅದರ ಜೊತೆಗೆ ಇನ್ನೊಂದು ಸೇರಿಸುವುದು. ಇದನ್ನು ಮರುಭೇಟಿಯಲ್ಲಿ ಮಾತ್ರ ಮಾಡಬಹುದು. ಮರುಭೇಟಿ ಎನಿಸಿಕೊಳ್ಳಬೇಕಾದರೆ ಅದೇ ಕಾಯಿಲೆಗೆ ಆರು ತಿಂಗಳೊಳಗೆ ಆ ಡಾಕ್ಟರ್ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ನೋಡಿರಬೇಕು. ಅಂದರೆ ಅಪ್ಪ ಆರು ತಿಂಗಳಿಗೊಮ್ಮೆಯಾದರೂ ಶಿವಮೊಗ್ಗದ ಬಸ್ ಹತ್ತಲಿ, ನಡುವಿನ ತಿಂಗಳುಗಳನ್ನು ಫೋನು ನೋಡಿಕೊಳ್ಳುತ್ತದೆ. ಪ್ರತಿ ಸಲವೂ ಹೊಸ ಮುಖ ತೋರಿಸುವ ಆ್ಯಪ್ ಎಷ್ಟೇ ಚಂದ ಇದ್ದರೂ ಶುಗರ್‌ಗೆ ಆಗಿಬರುವುದಿಲ್ಲ.

ಹಳೆಯ ಡಾಕ್ಟರ್ ಫೋನಿಗೆ ಸಿಗುವುದಿಲ್ಲ, ಹೊಸಬರೇ ಆಗಬೇಕು ಅಂದರೆ ಚೀಟಿ ನೋಡಿ ಆ್ಯಪ್ ಅಳೆಯಿರಿ. ಒಂದು ಸಣ್ಣ ತೊಂದರೆಗೆ ನೀವೇ ಒಮ್ಮೆ ಬಳಸಿ, ಬಂದ ಪಿಡಿಎಫ್ ತೆರೆದು ನೋಡಿದರೆ ಸಾಕು. ಡಾಕ್ಟರ್ ಹೆಸರು, ಓದು, ರಿಜಿಸ್ಟ್ರೇಶನ್ ನಂಬರ್, ವಿಳಾಸ, ಸಹಿ ಇರಬೇಕು. ರೋಗಿಯ ಹೆಸರು, ವಯಸ್ಸು, ಏನು ತೊಂದರೆ, ಏನಿರಬಹುದು ಎಂಬ ಅಂದಾಜು ಇರಬೇಕು. ಔಷಧಿಯ ಜನರಿಕ್ ಹೆಸರು (ಕಂಪನಿಯ ಬ್ರ್ಯಾಂಡ್ ಅಲ್ಲ, ಔಷಧಿಯ ಮೂಲ ಹೆಸರು) ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರದಲ್ಲಿ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎನ್ನುವುದೆಲ್ಲ ಇರಬೇಕು. ನಮ್ಮ ಕೌಂಟರಿಗೆ ಬರುವ ಕೆಲವು ಚೀಟಿಗಳಲ್ಲಿ ನಾಲ್ಕು ಬ್ರ್ಯಾಂಡ್ ಹೆಸರು ಬಿಟ್ಟು ಬೇರೇನೂ ಇರುವುದಿಲ್ಲ, ಕಾಯಿಲೆ ಏನೆಂದು ಒಂದು ಪದವೂ ಇರುವುದಿಲ್ಲ. ಮುಂದೆ ಶಿವಮೊಗ್ಗದ ಡಾಕ್ಟರ್ ಆ ಹಾಳೆ ನೋಡಿ ಏನು ತಿಳಿದುಕೊಳ್ಳಬೇಕು? ಕೆಲವು ಆ್ಯಂಟಿಬಯಾಟಿಕ್‌ಗಳು ಎಚ್1 ಪಟ್ಟಿಯಲ್ಲಿವೆ, ಅಂದರೆ ಚೀಟಿ ಇಲ್ಲದೆ ಕೊಡಬಾರದ, ಕೊಟ್ಟದ್ದಕ್ಕೆ ಲೆಕ್ಕ ಇಡಬೇಕಾದ ಔಷಧಿಗಳ ಪಟ್ಟಿಯಲ್ಲಿ. ಅವನ್ನು ಕೊಟ್ಟರೆ ಡಾಕ್ಟರ್ ಹೆಸರು-ವಿಳಾಸ, ರೋಗಿಯ ಹೆಸರು ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು ನಾವು. ಚೀಟಿಯಲ್ಲೇ ಇಲ್ಲದ್ದನ್ನು ಎಲ್ಲಿಂದ ತಂದು ಬರೆಯಲಿ? ರಿಜಿಸ್ಟ್ರೇಶನ್ ನಂಬರನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಹಾಕಿ ಹುಡುಕಿ ನೋಡಬಹುದು. ನಂಬರ್ ಬೇರೆ ರಾಜ್ಯದ್ದಾದರೆ ಗಾಬರಿ ಬೇಡ, ಫೋನಿನಲ್ಲಿ ನೋಡಲು ಅದು ಅಡ್ಡಿಯಲ್ಲ. ಆದರೆ ಅಮ್ಮನ ಕನ್ನಡ ಅವರಿಗೆ ಅರ್ಥವಾಗಬೇಕಲ್ಲ, ಭಾಷೆ ಆಯ್ದುಕೊಳ್ಳುವ ಸೌಲಭ್ಯ ಇದೆಯೇ ನೋಡಿ.

'ಔಷಧಿ ತರಿಸಿಕೊಂಡರೆ ಡಾಕ್ಟರ್ ಫ್ರೀ' ಅನ್ನುವವರಿಂದ ಸ್ವಲ್ಪ ದೂರ ಇರಿ. ಮಾತ್ರೆಯನ್ನು ಮೊದಲು ಆರ್ಡರ್ ಮಾಡಿ, ಆಮೇಲೆ ಯಾರೋ ಕರೆ ಮಾಡಿ ಎರಡು ನಿಮಿಷ ಮಾತಾಡಿ ಅದಕ್ಕೆ ಹೊಂದುವ ಚೀಟಿ ಬರೆದರೆ, ಅದು ಮದುವೆ ಮುಗಿಸಿ ಜಾತಕ ನೋಡಿದ ಹಾಗೆ. ಅಂಗಡಿಯವನಾದ ನನಗೆ ಇದರಲ್ಲಿ ಸ್ವಾರ್ಥ ಇದೆ ಅಂದುಕೊಂಡರೆ ಅಂದುಕೊಳ್ಳಿ, ಇಲ್ಲ ಅನ್ನುವುದಿಲ್ಲ. ಆದರೂ ಔಷಧಿಯನ್ನು ಎಲ್ಲಿ ಕೊಳ್ಳಬೇಕೆಂಬುದು ರೋಗಿಯ ಇಷ್ಟ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಚೀಟಿಯನ್ನು ಡೌನ್‌ಲೋಡ್ ಮಾಡಲು ಬಿಡದ ಆ್ಯಪ್ ಇದ್ದರೆ ಅಳಿಸಿ ಹಾಕಿ. ಹಾಗೆಯೇ, ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ತಾನೇ ಔಷಧಿ ಸೂಚಿಸುವ ಬಾಟ್‌ಗಳನ್ನೂ ನಂಬಬೇಡಿ. ಯಂತ್ರ ಡಾಕ್ಟರಿಗೆ ಸಹಾಯ ಮಾಡಬಹುದು, ಚೀಟಿ ಬರೆಯುವಂತಿಲ್ಲ.

ದುಡ್ಡಿಲ್ಲದೆ ಆಗಬೇಕೆಂದರೆ ಸರ್ಕಾರದ ಇ-ಸಂಜೀವನಿ ಇದೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಸಿ-ಡ್ಯಾಕ್‌ನ ಮೊಹಾಲಿ ಕೇಂದ್ರ ಮಾಡಿದ್ದು, ಮನೆಯಿಂದಲೇ ಬಳಸುವ ಓಪಿಡಿ (ಹೊರರೋಗಿ ಸೇವೆ) 2020ರ ಏಪ್ರಿಲ್‌ನಲ್ಲಿ ಶುರುವಾಯಿತು. ಮೊಬೈಲ್ ನಂಬರ್ ಹಾಕಿ, ಸರದಿಯಲ್ಲಿ ಕಾದು, ಡಾಕ್ಟರ್ ಜೊತೆ ಮಾತಾಡಿದರೆ ಚೀಟಿ ಬರುತ್ತದೆ. ನೆಗಡಿ, ತುರಿಕೆ, ರಿಪೋರ್ಟ್ ಓದಿಸಿಕೊಳ್ಳುವುದು, ಇಂಥದಕ್ಕೆ ನಾನು ಧೈರ್ಯವಾಗಿ ಹೇಳುತ್ತೇನೆ. ಅದೇ ಡಾಕ್ಟರ್ ಮತ್ತೆ ಸಿಗುತ್ತಾರೆಂದು ನೆಚ್ಚಿಕೊಳ್ಳುವ ಹಾಗಿಲ್ಲ, ಹಾಗಾಗಿ ಅಪ್ಪನ ಶುಗರ್‌ಗೆ ಇದೊಂದನ್ನೇ ನಂಬಿ ಕೂರಬೇಡಿ. ವಯಸ್ಸಾದವರಿಗೆ ನಿದ್ದೆ ಬಾರದು, ಮನಸ್ಸು ಭಾರ, ಯಾರ ಜೊತೆಗೂ ಮಾತು ಬೇಡ ಅನ್ನುವ ಹಾಗಾದರೆ ಆ್ಯಪ್ ಕೂಡ ಬೇಕಿಲ್ಲ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದದ್ದು, ಹಿಂದೆ ನಿಂತಿರುವುದು ನಿಮ್ಮ ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲೇ ಮಾತಾಡಬಹುದು.

ಇನ್ನು ಒಂದು ಸಣ್ಣ ವಿಷಯ, ಆದರೆ ನನ್ನ ತಲೆ ತಿನ್ನುವ ವಿಷಯ. ಮಕ್ಕಳು ತಮ್ಮ ನಂಬರಿನಲ್ಲಿ ಖಾತೆ ತೆರೆದು ಅಪ್ಪನಿಗೆ ಬುಕ್ ಮಾಡುತ್ತಾರೆ, ಚೀಟಿ ಮಗನ ಹೆಸರಿನಲ್ಲಿ, ಮಗನ ವಯಸ್ಸಿನಲ್ಲಿ ಬರುತ್ತದೆ. ಮೂವತ್ತರ ಹುಡುಗನ ಹೆಸರಿನ ಚೀಟಿ ಹಿಡಿದು ಎಪ್ಪತ್ತರ ಯಜಮಾನರು ಇನ್ಸುಲಿನ್ ಕೇಳಿದರೆ ನಾನು ಕೊಡಲೋ ಬಿಡಲೋ? ಡಾಕ್ಟರ್ ಕೂಡ ಡೋಸ್ ನಿರ್ಧರಿಸುವಾಗ ವಯಸ್ಸು ನೋಡುತ್ತಾರೆ. ಖಾತೆಯಲ್ಲಿ ಕುಟುಂಬದ ಸದಸ್ಯರನ್ನು ಬೇರೆ ಬೇರೆಯಾಗಿ ಸೇರಿಸಲು ಬರುವ ಆ್ಯಪ್ ತೆಗೆದುಕೊಳ್ಳಿ, ಅಪ್ಪನಿಗೊಂದು, ಅಮ್ಮನಿಗೊಂದು ಪ್ರೊಫೈಲ್ ಮಾಡಿ. ಓಟಿಪಿ ಬೆಂಗಳೂರಿಗೆ ಬಂದು, ಕಾಲ್ ಹಳ್ಳಿಗೆ ಹೋಗಬೇಕಾದರೆ ಏನು ವ್ಯವಸ್ಥೆ ಎನ್ನುವುದನ್ನೂ ಮೊದಲೇ ನೋಡಿಕೊಳ್ಳಿ.

ಕಾಲ್‌ಗೆ ಮುಂಚೆ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಶೀಟಿನ ಹಿಂಬದಿಯ ಫೋಟೊ ತೆಗೆದಿಡಿ. 'ಬಿಳಿ ಮಾತ್ರೆ, ಕೆಂಪು ಮಾತ್ರೆ' ಎಂದರೆ ಯಾವ ಡಾಕ್ಟರಿಗೂ ಗೊತ್ತಾಗದು. ಖಾಲಿ ಹೊಟ್ಟೆಯ ಶುಗರ್, ಊಟವಾದ ಮೇಲಿನದು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಕೈಯಲ್ಲಿರಲಿ. ಅಮ್ಮನಿಗೆ ಒಂದು ಬಿಪಿ ಮಷಿನ್ ಕೊಡಿಸಿ, ಒಂದು ವಾರದ ಲೆಕ್ಕ ಬರೆದಿಡಲಿ.

ಯಾವ ಆ್ಯಪ್ ಆದರೂ ಕೆಲವಕ್ಕೆ ಬಳಸಲೇಬೇಡಿ. ಎದೆನೋವು, ಏದುಸಿರು, ಇದ್ದಕ್ಕಿದ್ದಂತೆ ಮಾತು ತೊದಲುವುದು ಆದರೆ 108. ಶುಗರ್ ಇದ್ದವರು ಬರಿಗಾಲಲ್ಲಿ ತೋಟ ಸುತ್ತಿ ಪಾದಕ್ಕೆ ಗಾಯ ಮಾಡಿಕೊಂಡರೆ ಅದನ್ನು ಕಣ್ಣೆದುರೇ ನೋಡಬೇಕು, ಮುಟ್ಟಿ ನೋಡಬೇಕು. ಇನ್ನು ಜ್ವರ. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಈಗಲೂ ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ದೆಹಲಿಯಲ್ಲೋ ಪುಣೆಯಲ್ಲೋ ಕೂತ ಡಾಕ್ಟರಿಗೆ ದರಗು (ಒಣ ಎಲೆ) ತರಲು ಕಾಡಿಗೆ ಹೋದ ವಿಷಯ, ಈ ಕಾಯಿಲೆ ಹರಡುವ ಉಣ್ಣೆ ಹುಳ (ಉಣುಗು) ಕಚ್ಚಿದ ವಿಷಯ ಹೊಳೆಯುವುದು ಕಷ್ಟ. ರಕ್ತಸ್ರಾವ ಆಗಬಹುದಾದ ಕಾಯಿಲೆ ಅದು, ಸಿಕ್ಕಿದ ನೋವಿನ ಮಾತ್ರೆ ನುಂಗಬಾರದು. ಆ ತಿಂಗಳುಗಳಲ್ಲಿ ಜ್ವರ ಬಂದರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಡಲಿ.

ಮೊದಲ ಕಾಲ್ ಅನ್ನು ನೀವು ಊರಿಗೆ ಹೋದಾಗಲೇ ಇಟ್ಟುಕೊಳ್ಳಿ. ಮನೆಯ ಯಾವ ಮೂಲೆಯಲ್ಲಿ ನೆಟ್‌ವರ್ಕ್ ನಿಲ್ಲುತ್ತದೆ ಎಂದು ಅಮ್ಮನಿಗೇ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ವೀಡಿಯೊ ಕಡಿದರೆ ಬರೀ ಮಾತಿನ ಕಾಲ್‌ಗೆ ಬದಲಾಯಿಸಲು ಡಾಕ್ಟರನ್ನು ಕೇಳಬಹುದು, ಮರುಭೇಟಿಗೆ ಅಷ್ಟು ಸಾಕು.