ಯಜಮಾನರು ಕುವೈತ್‌ನಲ್ಲಿದ್ದಾರೆ, ನಾವು ಬೈಲಹೊಂಗಲದಲ್ಲಿ. ಮಕ್ಕಳ ಪಾಸ್‌ಪೋರ್ಟ್ ನವೀಕರಣಕ್ಕೆ ನಿಜವಾಗಿ ಎಷ್ಟು ಖರ್ಚು?

ಅಕ್ಕಾರ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಮಗಳಿಗೆ ಬರುವ ಜೂನ್‌ಗೆ 15 ತುಂಬುತ್ತದೆ, ಮಗನಿಗೆ 6 ವರ್ಷ. ಇಬ್ಬರ ಪಾಸ್‌ಪೋರ್ಟ್ ಅವಧಿಯೂ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಮನೆಯವರು ಕುವೈತ್‌ನಲ್ಲಿದ್ದಾರೆ. ಊರಿನ ಏಜೆಂಟ್ ಒಬ್ಬೊಬ್ಬರಿಗೆ 4,500 ರೂಪಾಯಿ ಕೇಳಿದ್ದಾನೆ, 'ಯಜಮಾನರ ಸಹಿ ನಾನು ನೋಡ್ಕೋತೀನಿ' ಅಂದಿದ್ದಾನೆ. ಹೋಗುವುದು ಬೇಸಿಗೆ ರಜೆಗೋ ದಸರಾ ರಜೆಗೋ ಅನ್ನುವುದು ಇನ್ನೂ ಗಟ್ಟಿಯಾಗಿಲ್ಲ. ಇಷ್ಟು ತಾನೆ?

ಏಜೆಂಟನ ಆ ಕೊನೆಯ ಮಾತು ಕೇಳಿ ನನಗೆ ಗಾಬರಿಯಾಯಿತು. ಅದಕ್ಕೆ ಮುಂದೆ ಬರುತ್ತೇನೆ, ಮೊದಲು ರೊಕ್ಕದ ವಿಷಯ ಮುಗಿಸೋಣ.

18 ತುಂಬದ ಮಕ್ಕಳಿಗೆ, ಹೊಸದಾಗಿ ಮಾಡಿಸಿದರೂ ಅವಧಿ ಮುಗಿದು ಮತ್ತೆ ಮಾಡಿಸಿದರೂ, 36 ಪುಟದ ಪಾಸ್‌ಪೋರ್ಟ್‌ಗೆ ಸರ್ಕಾರದ ಶುಲ್ಕ 1,000 ರೂಪಾಯಿ. 2012ರ ಅಕ್ಟೋಬರ್‌ನಲ್ಲಿ ಈ ದರ ಬಂತು, ಅದಕ್ಕೂ ಮೊದಲು 600 ಇತ್ತು. ತತ್ಕಾಲ್ ಬೇಕೆಂದರೆ ಮೇಲೆ 2,000 ಸೇರುತ್ತದೆ. ನಿಮಗೆ ತಿಂಗಳುಗಟ್ಟಲೆ ಸಮಯ ಇದೆ, ತತ್ಕಾಲ್‌ನ ಗೊಡವೆಯೇ ಬೇಡ. 8 ವರ್ಷದೊಳಗಿನ ಮಕ್ಕಳಿಗೆ ಶುಲ್ಕದಲ್ಲಿ ಶೇಕಡಾ 10 ಕಡಿಮೆ ಅಂತ ಎಲ್ಲೋ ಓದಿರಬಹುದು. ಅದು ಮೊದಲ ಸಲ ಮಾಡಿಸುವ ಪಾಸ್‌ಪೋರ್ಟ್‌ಗೆ ಮಾತ್ರ. ನಿಮ್ಮ ಮಗನದು ರೀ-ಇಶ್ಯೂ, ಹಾಗಾಗಿ ಪೂರ್ತಿ ಸಾವಿರವೇ. ಪೊಲೀಸ್ ವೆರಿಫಿಕೇಶನ್ ಬಂದರೂ ಅದಕ್ಕೆಂದು ಬೇರೆ ರೊಕ್ಕ ಕಟ್ಟುವುದಿಲ್ಲ, ಠಾಣೆಯಲ್ಲಿ ಯಾರೂ ಕೇಳುವ ಹಾಗೂ ಇಲ್ಲ.

ಈಗ ಮಗಳ ವಿಷಯ. ನೀವು ನಿಜವಾಗಿ ಯೋಚನೆ ಮಾಡಬೇಕಾದದ್ದು ಇಲ್ಲಿ, ಏಕೆಂದರೆ ಅಂಥ ಏಜೆಂಟರು ಇದನ್ನು ಹೇಳುವುದೇ ಇಲ್ಲ. ಮಕ್ಕಳ ಪಾಸ್‌ಪೋರ್ಟ್‌ಗೆ ಐದು ವರ್ಷದ ಅವಧಿ, ಇಲ್ಲವೇ 18 ತುಂಬುವವರೆಗೆ, ಯಾವುದು ಮೊದಲೋ ಅದು. ಆದರೆ 15 ದಾಟಿದ ಮಕ್ಕಳಿಗೆ ಇನ್ನೊಂದು ದಾರಿ ಇದೆ: 1,500 ರೂಪಾಯಿ ಕಟ್ಟಿದರೆ ದೊಡ್ಡವರಂತೆ ಪೂರ್ತಿ ಹತ್ತು ವರ್ಷದ ಪಾಸ್‌ಪೋರ್ಟ್ ಸಿಗುತ್ತದೆ. ನಿಮ್ಮ ಮಗಳಿಗೆ ಈಗಲೇ, 15 ತುಂಬುವ ಮೊದಲೇ ಅರ್ಜಿ ಹಾಕಿದರೆ ಸಾವಿರ ರೂಪಾಯಿಗೆ ಮೂರು ವರ್ಷ ಚಿಲ್ಲರೆ ಮಾತ್ರ. 18ಕ್ಕೆ ಮತ್ತೆ 1,500 ಕಟ್ಟಿ ಇನ್ನೊಮ್ಮೆ ಎಲ್ಲಾ ಓಡಾಟ. ಜೂನ್‌ನಲ್ಲಿ ಹುಟ್ಟುಹಬ್ಬ ಮುಗಿದ ಮೇಲೆ ಹಾಕಿದರೆ ಒಂದೇ ಸಲ 1,500, ಅವಳಿಗೆ 25 ಆಗುವವರೆಗೆ ಚಿಂತೆ ಇಲ್ಲ. ಪಿಯುಸಿ, ಡಿಗ್ರಿ, ಮುಂದೆ ಹೊರದೇಶದಲ್ಲಿ ಓದುವುದಿದ್ದರೆ ಅದೂ ಈ ಒಂದೇ ಪುಸ್ತಕದಲ್ಲಿ ಆಗಿಹೋಗುತ್ತದೆ.

ಅದಕ್ಕೇ ಪ್ರಯಾಣ ಯಾವಾಗ ಅನ್ನುವುದನ್ನು ಮೊದಲು ಗಟ್ಟಿ ಮಾಡಿರಿ. ಸೆಪ್ಟೆಂಬರ್‌ಗೆ ಮುಗಿಯುವ ಪಾಸ್‌ಪೋರ್ಟ್ ಇಟ್ಟುಕೊಂಡು ಮೇ ತಿಂಗಳಲ್ಲಿ ಹೊರಟರೆ ಕೈಯಲ್ಲಿ ನಾಲ್ಕು ತಿಂಗಳೂ ಸರಿಯಾಗಿ ಉಳಿಯುವುದಿಲ್ಲ. ಕೊಲ್ಲಿ ದೇಶಗಳು ಸಾಮಾನ್ಯವಾಗಿ ಆರು ತಿಂಗಳ ಅವಧಿ ಬಾಕಿ ಇರಲೇಬೇಕು ಅನ್ನುತ್ತವೆ. ಅಂದರೆ ಬೇಸಿಗೆಗೇ ಹೋಗುವುದಾದರೆ ಮಗಳದನ್ನು ಈಗಲೇ ಮಾಡಿಸಬೇಕು, ಹತ್ತು ವರ್ಷದ್ದು ಕೈತಪ್ಪುತ್ತದೆ. ದಸರೆಗೆ ಹೋಗುವುದಾದರೆ ಜೂನ್ ದಾಟಿಸಿ ಅರ್ಜಿ ಹಾಕಿರಿ. ನನ್ನನ್ನು ಕೇಳಿದರೆ ದಸರೆಯೇ ಸರಿ. ಮೇ ತಿಂಗಳ ಕುವೈತ್ ಬಿಸಿಲಿನ ಮುಂದೆ ನಮ್ಮ ಬೈಲಹೊಂಗಲದ ಬಿಸಿಲು ಎಷ್ಟೋ ಮೇಲು, ಅಲ್ಲಿ ಮಕ್ಕಳು ಮನೆಯಿಂದ ಹೊರಗೆ ಕಾಲಿಡುವುದೂ ಕಷ್ಟ. ಹಳೆಯ ಪಾಸ್‌ಪೋರ್ಟ್‌ನಲ್ಲಿ ಉಳಿದ ತಿಂಗಳು ಹೊಸದಕ್ಕೆ ಕೂಡುವುದಿಲ್ಲ, ಹೊಸ ಅವಧಿ ಅದು ಮಂಜೂರಾದ ದಿನದಿಂದ ಶುರು. ಆದರೂ ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ಅರ್ಜಿ ಹಾಕಬಹುದು, ಆದ್ದರಿಂದ ಮಗನದು ಈಗಲೇ ಮಾಡಿಸಿದರೂ ಅಡ್ಡಿಯಿಲ್ಲ.

ಒಟ್ಟು ಲೆಕ್ಕ ಹೇಳುವುದಾದರೆ, ಮಗಳಿಗೆ 1,500, ಮಗನಿಗೆ 1,000. ಇಬ್ಬರಿಗೂ ಸೇರಿ ಸರ್ಕಾರಕ್ಕೆ 2,500. ಏಜೆಂಟ್ ಕೇಳಿದ್ದು 9,000. ನಡುವಿನ 6,500 ರೂಪಾಯಿ ಯಾವ ಕೆಲಸಕ್ಕೆ ಅಂತ ಅವನನ್ನೇ ಕೇಳಿ ನೋಡ್ರಿ.

ಈಗ ಸಹಿಯ ವಿಷಯ. ಮಕ್ಕಳ ಪಾಸ್‌ಪೋರ್ಟ್‌ಗೆ 'ಅನೆಕ್ಶರ್ ಡಿ' ಅಂತ ಒಂದು ಘೋಷಣೆ ಇರುತ್ತದೆ. ಈ ಮಗು ನಮ್ಮದು, ಪಾಸ್‌ಪೋರ್ಟ್ ಕೊಡಲು ನಮ್ಮ ಒಪ್ಪಿಗೆ ಇದೆ ಅಂತ ತಾಯಿ ತಂದೆ ಇಬ್ಬರೂ ಸಹಿ ಮಾಡುವ ಕಾಗದ ಅದು. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ನಿಯಮ ಸಡಿಲಿಸಿದ ಮೇಲೆ ಈ ಅನೆಕ್ಶರ್‌ಗಳಿಗೆ ಸ್ಟಾಂಪ್ ಪೇಪರ್ ಬೇಡ, ನೋಟರಿ ಬೇಡ, ಬಿಳಿ ಹಾಳೆ ಸಾಕು. ಬಾಂಡ್ ಪೇಪರ್ ಮೇಲೆ ಮಾಡಿಸಬೇಕು ಅಂತ ಯಾರಾದರೂ 500 ರೂಪಾಯಿ ಕೇಳಿದರೆ ಕೊಡಬೇಡಿ.

ಗಂಡ ಹೆಂಡತಿ ಇಬ್ಬರೂ ಊರಲ್ಲಿದ್ದರೆ ಇದು ಐದು ನಿಮಿಷದ ಕೆಲಸ. ನಿಮ್ಮ ಹಾಗೆ ಒಬ್ಬರು ಪರದೇಶದಲ್ಲಿದ್ದರೆ ಅವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ತಮ್ಮ ಒಪ್ಪಿಗೆಯ ಅಫಿಡವಿಟ್ ದೃಢೀಕರಣ ಮಾಡಿಸಿ ಕಳಿಸಬೇಕು, ಜೊತೆಗೆ ಅವರ ಪಾಸ್‌ಪೋರ್ಟ್‌ನ ಪ್ರತಿ ಇರಬೇಕು. ಮೊಬೈಲ್‌ನಲ್ಲಿ ಫೋಟೋ ಕಳಿಸಿದರೆ ನಡೆಯುವುದಿಲ್ಲ, ಮೂಲ ಕಾಗದವೇ ನಿಮ್ಮ ಕೈಗೆ ಬರಬೇಕು. ಕುವೈತ್‌ನಲ್ಲಿ ನಮ್ಮ ಕಡೆಯವರು ಬಹಳ ಮಂದಿ ಇದ್ದಾರೆ, ರಜೆಗೆ ಬರುವ ಯಾರದಾದರೂ ಕೈಯಲ್ಲಿ ಕಳಿಸಿಕೊಡಲಿ. ಇನ್ನೂ ಸುಲಭದ ದಾರಿ ಎಂದರೆ ಮನೆಯವರು ರಜೆಗೆ ಬಂದಾಗಲೇ ಅರ್ಜಿ ಮುಗಿಸುವುದು. ಜೂನ್, ಜುಲೈ ಹೊತ್ತಿಗೆ ಅವರು ಬರುವ ಹಾಗಿದ್ದರೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಅಪಾಯಿಂಟ್‌ಮೆಂಟ್ ದಿನ ಇಬ್ಬರೂ ಬರಲೇಬೇಕು ಅಂತಿಲ್ಲ. ಇಬ್ಬರ ಸಹಿ ಇರುವ ಅನೆಕ್ಶರ್ ಕೈಯಲ್ಲಿದ್ದರೆ ನೀವೊಬ್ಬರೇ ಮಕ್ಕಳನ್ನು ಕರೆದುಕೊಂಡು ಹೋಗಬಹುದು.

ಆದರೆ ಏಜೆಂಟ್ ಹೇಳಿದ ದಾರಿಗೆ ಹೋಗಲೇಬೇಡಿ. 'ಸಹಿ ನಾನು ನೋಡ್ಕೋತೀನಿ' ಅಂದರೆ ನಿಮ್ಮ ಯಜಮಾನರ ಸಹಿಯನ್ನು ಬೇರೆ ಯಾರೋ ಹಾಕುತ್ತಾರೆ ಅಂತಲೇ ಅರ್ಥ. ಪಾಸ್‌ಪೋರ್ಟ್‌ಗಾಗಿ ಸುಳ್ಳು ಮಾಹಿತಿ ಕೊಡುವುದು 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಪರಾಧ. ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅರ್ಜಿಯ ಮೇಲೆ ಇರುವುದು ನಿಮ್ಮ ಹೆಸರು, ಏಜೆಂಟನದಲ್ಲ. ಪರದೇಶದಲ್ಲಿ ದುಡಿಯುವ ಮನುಷ್ಯನ ಪಾಸ್‌ಪೋರ್ಟ್ ವಿಷಯದಲ್ಲಿ ಇಂಥ ತಗಾದೆ ಬಂದರೆ ಅದು ಅವರ ಕೆಲಸಕ್ಕೇ ಕುತ್ತು.

'ಅನೆಕ್ಶರ್ ಸಿ' ಅಂತ ಇನ್ನೊಂದು ಇದೆ, ಅದನ್ನು ತುಂಬಿದರೆ ಗಂಡನ ಸಹಿ ಬೇಡ ಅಂತಲೂ ಕೆಲವರು ಹೇಳಿಕೊಡುತ್ತಾರೆ. ಅದು ನಿಮ್ಮಂಥವರಿಗಲ್ಲ. ಒಬ್ಬರೇ ಮಗುವನ್ನು ಸಾಕುತ್ತಿರುವವರು, ಬೇರೆಯಾದವರು, ಇನ್ನೊಬ್ಬರ ಒಪ್ಪಿಗೆ ಸಿಗದವರು ಅವರ ಪರಿಸ್ಥಿತಿಯನ್ನು ಬರೆದು ಕೊಡುವ ಕಾಗದ ಅದು. ಅಂಥ ತಾಯಂದಿರಿಗೆ ಅದು ನಿಜಕ್ಕೂ ದೊಡ್ಡ ಆಸರೆ. ಸಂಸಾರ ಚೆನ್ನಾಗಿದ್ದು ಗಂಡ ದೂರದಲ್ಲಿದ್ದಾರೆ ಅನ್ನುವ ಕಾರಣಕ್ಕೆ ಅದನ್ನು ಬಳಸಿದರೆ ಅದೂ ಸುಳ್ಳೇ ಆಗುತ್ತದೆ.

ಅರ್ಜಿ ನೀವೇ ಹಾಕಬಹುದು, ಮಗಳೂ ಹಾಕಿಯಾಳು, ಈಗಿನ ಮಕ್ಕಳಿಗೆ ಇದು ಕಷ್ಟವಲ್ಲ. ಸರ್ಕಾರದ ಪಾಸ್‌ಪೋರ್ಟ್ ಸೇವಾ ಜಾಲತಾಣ ಅಥವಾ ಎಂ-ಪಾಸ್‌ಪೋರ್ಟ್ ಸೇವಾ ಆ್ಯಪ್, ಈ ಎರಡೇ. ಜಾಲತಾಣದ ವಿಳಾಸದ ಕೊನೆಗೆ 'ಗವ್ ಡಾಟ್ ಇನ್' ಇದೆಯೋ ನೋಡಿಕೊಳ್ಳಿರಿ. ಅದೇ ಬಣ್ಣ, ಅದೇ ಚಿಹ್ನೆ ಹಾಕಿಕೊಂಡು ರೊಕ್ಕ ಕೀಳುವ ನಕಲಿ ತಾಣಗಳಿವೆ, ವಿದೇಶಾಂಗ ಸಚಿವಾಲಯವೇ ಅವುಗಳ ಬಗ್ಗೆ ಎಚ್ಚರಿಸಿದೆ. ಒಳಗೆ ಹೋದ ಮೇಲೆ 'ರೀ-ಇಶ್ಯೂ' ಆರಿಸಿ. ಕಾರಣ ಕೇಳುವಲ್ಲಿ ಅವಧಿ ಮುಗಿಯಲಿದೆ ಅಥವಾ ಮುಗಿದು ಮೂರು ವರ್ಷದೊಳಗಿದೆ ಅನ್ನುವ ಸಾಲು ಒಂದೇ ಕಡೆ ಇರುತ್ತದೆ, ಅದನ್ನು ಒತ್ತಿರಿ. ಮಗಳಿಗೆ ಅವಧಿ ಕೇಳುವಲ್ಲಿ ಹತ್ತು ವರ್ಷ ಅಂತಲೇ ಗುರುತು ಮಾಡಿರಿ, ಅವಸರದಲ್ಲಿ '18ರವರೆಗೆ' ಅಂತ ಒತ್ತಿಬಿಟ್ಟರೆ ಜೂನ್‌ವರೆಗೆ ಕಾದದ್ದು ನೀರಲ್ಲಿ ಹೋಮ. ಇಬ್ಬರು ಮಕ್ಕಳಿಗೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ. ಒಂದೇ ದಿನ, ಅಕ್ಕಪಕ್ಕದ ಸಮಯ ಹಿಡಿದರೆ ಸಾಲಿ ಒಂದೇ ದಿನ ತಪ್ಪುತ್ತದೆ. ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ, ಆದರೆ ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಅಪಾಯಿಂಟ್‌ಮೆಂಟ್ ಮೂರು ಸಲ ಬದಲಿಸಲು ಅವಕಾಶ ಇದೆ.

ಬೆಂಗಳೂರಿಗೆ ಹೋಗುವ ಪ್ರಮೇಯವೇ ಇಲ್ಲ. ಬೆಳಗಾವಿಯ ಹೆಡ್ ಪೋಸ್ಟ್ ಆಫೀಸಿನಲ್ಲೇ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಅಲ್ಲಿ ದಿನಾಂಕ ಸಿಗದಿದ್ದರೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ. ಅಂಚೆ ಕಚೇರಿಗಳಲ್ಲಿ ಈ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಮೈಸೂರಿನಲ್ಲಿ, ಗುಜರಾತಿನ ದಾಹೋದ್‌ನಲ್ಲಿ ಶುರುವಾಯಿತು. ನಮ್ಮ ಉತ್ತರ ಕರ್ನಾಟಕದವರಿಗೆ ಅದರಿಂದ ಆದ ಅನುಕೂಲ ಸಣ್ಣದಲ್ಲ. ನಾನು ನಮ್ಮ ಮಕ್ಕಳದನ್ನು ಬೆಳಗಾವಿಯಲ್ಲೇ ಮಾಡಿಸಿದ್ದು, ಸಿಬ್ಬಂದಿ ಕನ್ನಡ, ಮರಾಠಿ ಎರಡರಲ್ಲೂ ತಾಳ್ಮೆಯಿಂದ ಮಾತಾಡಿದರು.

ಒಯ್ಯಬೇಕಾದದ್ದು: ಮಕ್ಕಳ ಹಳೆಯ ಪಾಸ್‌ಪೋರ್ಟ್, ಅದರ ಮೊದಲೆರಡು ಕೊನೆಯೆರಡು ಪುಟಗಳ ಝೆರಾಕ್ಸ್, ಜನನ ಪ್ರಮಾಣಪತ್ರ, ಮಕ್ಕಳ ಆಧಾರ್, ನಿಮ್ಮ ಆಧಾರ್, ನಿಮ್ಮ ಪಾಸ್‌ಪೋರ್ಟ್ ಇದ್ದರೆ ಅದರ ಮೂಲ, ಯಜಮಾನರ ಪಾಸ್‌ಪೋರ್ಟ್‌ನ ಪ್ರತಿ, ಅನೆಕ್ಶರ್. ಪ್ರತಿ ಝೆರಾಕ್ಸ್ ಮೇಲೆ ನಿಮ್ಮ ಸಹಿ ಇರಲಿ. ಮಕ್ಕಳ ವಿಳಾಸಕ್ಕೆ ತಂದೆ ತಾಯಿಯ ಹೆಸರಿನ ದಾಖಲೆ ನಡೆಯುತ್ತದೆ. ನಾಲ್ಕು ವರ್ಷದೊಳಗಿನ ಕೂಸಿಗಾದರೆ ಬಿಳಿ ಹಿನ್ನೆಲೆಯ ಫೋಟೋ ಒಯ್ಯಬೇಕು, ನಿಮ್ಮ ಮಕ್ಕಳದು ಅಲ್ಲೇ ತೆಗೆಯುತ್ತಾರೆ. ತಂದೆ ತಾಯಿ ಇಬ್ಬರದೂ ಚಾಲ್ತಿ ಪಾಸ್‌ಪೋರ್ಟ್ ಇದ್ದು, ಒಬ್ಬರದರಲ್ಲಿ ಇನ್ನೊಬ್ಬರ ಹೆಸರಿದ್ದರೆ ಮಕ್ಕಳಿಗೆ ಸಾಮಾನ್ಯವಾಗಿ ಪೊಲೀಸ್ ವೆರಿಫಿಕೇಶನ್ ಬರುವುದಿಲ್ಲ.

ಮಗಳ ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಬಿಟ್ಟುಹೋಗಿದೆ ಅಂತ ಕೊನೆಗೆ ಬರೆದಿದ್ದೀರಲ್ಲ, ಅದನ್ನು ಈ ಸಲವೇ ಸೇರಿಸಿಬಿಡಿ. 2022ರ ಕೊನೆಗೆ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರನ್ನು ತಡೆಯಲು ಶುರು ಮಾಡಿದಾಗ ಅಡ್ಡಹೆಸರಿನ ಜಾಗ ಖಾಲಿ ಇದ್ದ ಎಷ್ಟೋ ಮಂದಿ ಪರದಾಡಿದರು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಒಪ್ಪುತ್ತೇವೆ ಅಂದರೂ ಅಂಥ ಗೊಂದಲ ನಮಗೇಕೆ? ಆದರೆ ಪಾಸ್‌ಪೋರ್ಟ್ ಅರ್ಜಿಗೂ ಮೊದಲು ಜನನ ಪ್ರಮಾಣಪತ್ರ ತೆಗೆದು ನೋಡಿರಿ. ಅದರಲ್ಲೂ ಆಧಾರ್‌ನಲ್ಲೂ ಪೂರ್ತಿ ಹೆಸರು ಒಂದೇ ರೀತಿ, ಇಂಗ್ಲಿಷ್ ಅಕ್ಷರವೂ ಒಂದೇ ರೀತಿ ಇರಬೇಕು. ನಮ್ಮ ಕಡೆ ಕಾಗದ ತಿರುಗಿ ಬರುವುದು ಹೆಚ್ಚಾಗಿ ಇಲ್ಲಿಯೇ. ಒಂದರಲ್ಲಿ ಅಪ್ಪನ ಹೆಸರು ನಡುವೆ ಇದೆ, ಇನ್ನೊಂದರಲ್ಲಿ ಬರೀ ಇನಿಶಿಯಲ್, ಮತ್ತೊಂದರಲ್ಲಿ ಕೊನೆಗೆ ಒಂದು 'ಎ' ಹೆಚ್ಚು. ತಿದ್ದಿಸುವುದು ನೀವು ಈಗ ಇರುವ ಊರಲ್ಲಲ್ಲ, ಮಗು ಹುಟ್ಟಿದ ಊರಲ್ಲಿ. ಬೈಲಹೊಂಗಲದ ಖಾಸಗಿ ದವಾಖಾನೆಯಲ್ಲಿ ಹುಟ್ಟಿದ್ದರೆ ಪುರಸಭೆ, ಬೆಳಗಾವಿಯಲ್ಲಾಗಿದ್ದರೆ ಮಹಾನಗರ ಪಾಲಿಕೆ, ತವರಿನ ಹಳ್ಳಿಯಲ್ಲಿ ಮನೆಯಲ್ಲೇ ಆಗಿದ್ದರೆ ತಲಾಟಿ, ಅಂದರೆ ಹಳ್ಳಿಯ ಕಂದಾಯ ಲೆಕ್ಕ ನೋಡುವ ಅಧಿಕಾರಿ. ಇದಕ್ಕೆ ಸಮಯ ಹಿಡಿಯುತ್ತದೆ, ಜೂನ್‌ವರೆಗೆ ಕೈಯಲ್ಲಿರುವ ದಿನಗಳನ್ನು ಇದಕ್ಕೇ ಬಳಸಿಕೊಳ್ಳಿರಿ. ಬೆಳಗಾವಿಯ ಹೆಸರು 2014ರ ನವೆಂಬರ್ 1ರಂದು ಬದಲಾದ್ದರಿಂದ ಹಳೆಯ ಕಾಗದಗಳಲ್ಲಿ 'ಬೆಲಗಾಂ' ಅಂತಲೇ ಇರುತ್ತದೆ. ಅದು ಸರ್ಕಾರವೇ ಬದಲಿಸಿದ ಹೆಸರು, ಅಷ್ಟಕ್ಕೆ ಹೆದರಬೇಡಿ.

ಹೊಸ ಪಾಸ್‌ಪೋರ್ಟ್‌ಗೆ ಹೊಸ ನಂಬರು ಬರುತ್ತದೆ, ಆದ್ದರಿಂದ ವೀಸಾ, ಟಿಕೆಟ್ ಎರಡನ್ನೂ ಅದು ಕೈಗೆ ಬಂದ ಮೇಲೆಯೇ ಮಾಡಿಸಿರಿ. ಹಳೆಯದನ್ನು ರದ್ದು ಮಾಡಿ ನಿಮಗೇ ಕೊಡುತ್ತಾರೆ. ಅದರಲ್ಲಿ ಯಾವುದಾದರೂ ಚಾಲ್ತಿ ವೀಸಾ ಇದ್ದರೆ ಎಸೆಯದೆ ಹೊಸದರ ಜೊತೆಗೇ ಒಯ್ಯಿರಿ. ಹೊಸದು ಸ್ಪೀಡ್ ಪೋಸ್ಟ್‌ನಲ್ಲಿ ಅರ್ಜಿಯ ವಿಳಾಸಕ್ಕೇ ಬರುತ್ತದೆ. ಪೋಸ್ಟ್‌ಮನ್ ಗುರುತಿನ ಚೀಟಿ ನೋಡಿ ಕೊಡುತ್ತಾನೆ, ಆ ವಾರ ತವರಿಗೆ ಹೋಗದೆ ಮನೆಯಲ್ಲಿರಿ.

ಯಜಮಾನರು ರಜೆಗೆ ಯಾವಾಗ ಬರುತ್ತಾರೆ, ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರು ಹೇಗಿದೆ (ಹೆಸರನ್ನು ಇಲ್ಲಿ ಹಾಕಬೇಡಿ, ಅಡ್ಡಹೆಸರು ಇದೆಯೋ ಇಲ್ಲವೋ ಅಷ್ಟು ಸಾಕು), ಇವೆರಡು ತಿಳಿಸಿದರೆ ಮುಂದೇನು ಮಾಡಬೇಕು ಅಂತ ಬರೆಯುತ್ತೇನೆ. ಅಲ್ಲಿಯವರೆಗೆ ಏಜೆಂಟನಿಗೆ ಮುಂಗಡ ಕೊಡಬೇಡಿ, ಮಕ್ಕಳ ಮೂಲ ಪಾಸ್‌ಪೋರ್ಟ್ ಅವನ ಕೈಗೆ ಕೊಟ್ಟಿದ್ದರೆ ಇವತ್ತೇ ವಾಪಸ್ ಇಸಿದುಕೊಳ್ಳಿರಿ.