ಬಾರ್ಕೂರು, ಬಸ್ರೂರು ಸೈಕಲ್ ಪಯಣ: ಎರಡು ದಿನಗಳ ಯೋಜನೆಯ ಬಗ್ಗೆ

ನಮಸ್ಕಾರ. ಉಡುಪಿಯಿಂದ ಹೊರಟು ಎರಡು ದಿನಗಳಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲೇ ಭಟ್ಕಳದವರೆಗೆ ಸೈಕಲ್ ತುಳಿದು, ದಾರಿಯಲ್ಲಿ ಸಿಗುವ ಮಧ್ಯಯುಗದ ದೇವಾಲಯ, ಬಸದಿ, ಕೋಟೆಗಳನ್ನೆಲ್ಲ ನೋಡಬಹುದೇ ಎಂದು ತಾವು ಕೇಳಿದ್ದೀರಿ. ತುಳಿಯುವುದಕ್ಕೆ ಅಡ್ಡಿಯಿಲ್ಲ, ಆದರೆ ನೋಡುವುದಕ್ಕೆ ಹೊತ್ತು ಉಳಿಯುವುದಿಲ್ಲ. ಭಟ್ಕಳವನ್ನು ಇನ್ನೊಂದು ಸಲಕ್ಕೆ ಇಟ್ಟುಕೊಂಡು, ಈ ಬಾರಿ ಬಾರ್ಕೂರು ಮತ್ತು ಬಸ್ರೂರುಗಳಿಗಷ್ಟೇ ಎರಡು ದಿನ ಕೊಡಿ ಎಂಬುದು ನನ್ನ ಸಲಹೆ.

ನಮ್ಮ ಕರಾವಳಿಯ ಹಳೆಯ ಬಂದರು ಪಟ್ಟಣಗಳು ಕಡಲ ದಂಡೆಯ ಮೇಲಿಲ್ಲ. ಹಡಗುಗಳು ಅಲೆಯ ಹೊಡೆತದಿಂದ ತಪ್ಪಿಸಿಕೊಂಡು ನಿಲ್ಲಲು ಹೊಳೆಯ ಒಳಭಾಗವೇ ಸುರಕ್ಷಿತವಾಗಿತ್ತು. ಆದ್ದರಿಂದ ಬಾರ್ಕೂರು ಸೀತಾನದಿಯ ದಡದಲ್ಲಿಯೂ ಬಸ್ರೂರು ವಾರಾಹಿಯ ದಡದಲ್ಲಿಯೂ ಬೆಳೆದವು. 14ನೆಯ ಶತಮಾನದಲ್ಲಿ ಈ ತೀರದಲ್ಲಿ ಸಾಗಿದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಎರಡೂ ಊರುಗಳನ್ನು ಹೆಸರಿಸಿದ್ದಾನೆ. ಬೀಚಿನ ರಸ್ತೆಯನ್ನೇ ಹಿಡಿದು ಹೋಗುವವರಿಗೆ ಇವು ಸಿಗುವುದೇ ಇಲ್ಲ.

ಮೊದಲ ದಿನ ಬೆಳಗಿನ ಜಾವವೇ ಮಲ್ಪೆಗೆ ಇಳಿದು, ಅಲ್ಲಿಂದ ಉತ್ತರಕ್ಕೆ ಕೋಡಿ ಬೆಂಗ್ರೆಯ ದಾರಿ ಹಿಡಿಯಿರಿ. ಕೊನೆಕೊನೆಗೆ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ಕಿರಿದಾದ ನೆಲ. ಅಳಿವೆಯ ಆಚೆ ಹಂಗಾರಕಟ್ಟೆ. ದಾಟುವ ದೋಣಿ ಅಂದು ಓಡುತ್ತದೆಯೇ, ಸೈಕಲ್ ಹತ್ತಿಸಿಕೊಳ್ಳುತ್ತಾರೆಯೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ. ಇಲ್ಲವಾದರೆ ಬ್ರಹ್ಮಾವರದ ಮೇಲೆ ಸುತ್ತಿ ಬರಬೇಕಾಗುತ್ತದೆ. ದೋಣಿ ಇಳಿದ ಮೇಲೆ ಹೆದ್ದಾರಿಯನ್ನು ಅಡ್ಡ ದಾಟಿ ಪೂರ್ವಕ್ಕೆ ಹೋದರೆ ಬಾರ್ಕೂರು.

ಬಾರ್ಕೂರು ತುಳುನಾಡನ್ನು ಆಳಿದ ಆಳುಪ ಅರಸರ ರಾಜಧಾನಿಯಾಗಿತ್ತು; ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತ್ಯದ ಆಡಳಿತ ಇಲ್ಲಿಂದಲೇ ನಡೆಯುತ್ತಿತ್ತು. ಆದರೆ ಒಂದೇ ಕಡೆ ನಿಂತು ನೋಡಿ ಮುಗಿಸುವ ಸ್ಮಾರಕ ಇಲ್ಲಿಲ್ಲ. ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂದು ಪಟ್ಟಣವು ಕೇರಿಗಳಾಗಿ ಹರಡಿಕೊಂಡಿದ್ದು, ಗುಡಿಗಳೂ ಕೆರೆಗಳೂ ಶಾಸನಗಳೂ ತೋಟ ಮತ್ತು ಗದ್ದೆಗಳ ನಡುವೆ ಚದುರಿವೆ. ಕಾರಿಗೆ ಇಲ್ಲಿನ ಓಣಿಗಳು ಇಕ್ಕಟ್ಟು, ನಡೆದರೆ ದಿನ ಸಾಲದು. ಸೈಕಲ್ಲಿಗೆ ಇದಕ್ಕಿಂತ ಒಪ್ಪುವ ಊರು ಕರಾವಳಿಯಲ್ಲಿ ಅಪರೂಪ. ಕತ್ತಲೆ ಬಸದಿಯಲ್ಲಿ ಮೂರ್ತಿಗಳಿಲ್ಲ, ಪೂಜೆಯಿಲ್ಲ. ಕಂಬಗಳನ್ನೂ, ಮಳೆನಾಡಿನ ಮನೆಯ ಮಾಡಿನಂತೆ ಇಳಿಜಾರಾಗಿ ಹೊದಿಸಿದ ಕಲ್ಲಿನ ಚಪ್ಪಡಿಗಳನ್ನೂ ನಿಧಾನವಾಗಿ ಗಮನಿಸಿ. ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನದ ಹಿಂಬದಿಗೆ ಹೋಗಲು ಮರೆಯಬೇಡಿ, ಆನೆಯ ಹಿಂಬದಿಯಂತಿರುವ ಗಜಪೃಷ್ಠಾಕಾರದ ದುಂಡು ಅಲ್ಲಿಂದಲೇ ಸರಿಯಾಗಿ ಕಾಣುವುದು. ಶಾಸನಗಳ ಅಕ್ಷರ ತಿಳಿಯಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಬೇಕು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣವನ್ನೋ ಹಿಟ್ಟನ್ನೋ ತಿಕ್ಕುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಅದನ್ನು ಮಾಡಬೇಡಿ.

ಪೂಜೆಯಿರುವ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಚೀಲದಲ್ಲಿ ಒಂದು ಪಂಚೆ ಇರಲಿ, ಸೈಕಲ್ ಚಡ್ಡಿಯಲ್ಲಿ ಒಳಗೆ ಹೋಗುವುದು ಸರಿಕಾಣದು. ರಾತ್ರಿ ಬ್ರಹ್ಮಾವರಕ್ಕೆ ಹೋಗಿ ತಂಗಬಹುದು.

ಎರಡನೆಯ ದಿನ ಕೋಟ, ಕೋಟೇಶ್ವರಗಳ ಮೂಲಕ ಕುಂದಾಪುರಕ್ಕೆ. ಮಧ್ಯಾಹ್ನದ ನಂತರ ವಾಯವ್ಯದ ಕಡಲಗಾಳಿ ಎದುರಾಗುವುದರಿಂದ, ಉತ್ತರಕ್ಕೆ ಸಾಗುವ ಹಾದಿಯನ್ನು ಹನ್ನೊಂದು ಗಂಟೆಯೊಳಗೆ ಮುಗಿಸುವುದು ಒಳ್ಳೆಯದು. ಹೆದ್ದಾರಿಯಲ್ಲಿ ಎದುರು ದಿಕ್ಕಿನಿಂದ ನುಗ್ಗುವ ದ್ವಿಚಕ್ರ ವಾಹನಗಳ ಮೇಲೆ ಕಣ್ಣಿಡಿ. ಕುಂದಾಪುರದಿಂದ ಪೂರ್ವಕ್ಕೆ ತಿರುಗಿದರೆ ಬಸ್ರೂರು. ಹಲರು ಮತ್ತು ಸೆಟ್ಟಿಕಾರರೆಂಬ ವರ್ತಕ ಸಂಘಗಳು ನಡೆಸಿದ ಈ ಪಟ್ಟಣದ ಅಕ್ಕಿ ವ್ಯಾಪಾರಕ್ಕಾಗಿ ಪೋರ್ಚುಗೀಸರು ಹೋರಾಡಿದರು. 1665ರಲ್ಲಿ ಶಿವಾಜಿಯ ನೌಕಾಪಡೆ ಇದನ್ನು ಕೊಳ್ಳೆ ಹೊಡೆಯಿತು. ಮಹಾಲಿಂಗೇಶ್ವರ ದೇವಸ್ಥಾನವನ್ನು ನೋಡಿ, ಹೊಳೆಯ ದಡದವರೆಗೂ ಹೋಗಿ ಬನ್ನಿ.

ನವೆಂಬರಿನಿಂದ ಫೆಬ್ರವರಿಯವರೆಗೆ ಬರುವುದು ಉತ್ತಮ. ಮಳೆಗಾಲದಲ್ಲಿ ಪಾಚಿಗಟ್ಟಿದ ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಬ್ರೇಕ್ ಹಿಡಿದರೆ ಸೈಕಲ್ ಜಾರದೆ ಇರದು. ಓಣಿಗಳಲ್ಲಿ ಜಲ್ಲಿಯೂ ಮರಳೂ ಇರುವುದರಿಂದ 35 ಮಿಲಿಮೀಟರಿನ ಆಸುಪಾಸಿನ ಟೈರ್ ಹಾಕಿಸಿ.

ಮರಳುವಾಗ ತುಳಿಯಬೇಕಾಗಿಲ್ಲ. ಕುಂದಾಪುರದ ರೈಲು ನಿಲ್ದಾಣವಿರುವುದು ಬಸ್ರೂರಿಗೆ ಸಮೀಪದ ಮೂಡ್ಲಕಟ್ಟೆಯಲ್ಲಿ. ಆದರೆ ರೈಲಿನಲ್ಲಿ ಸೈಕಲ್ಲನ್ನು ಪಾರ್ಸೆಲ್ ಆಗಿ ಕಳಿಸಬೇಕು; ಪಾರ್ಸೆಲ್ ಬುಕಿಂಗ್ ಎಲ್ಲ ನಿಲ್ದಾಣಗಳಲ್ಲಿ, ಎಲ್ಲ ರೈಲುಗಳಿಗೆ ಇರುವುದಿಲ್ಲವಾದ್ದರಿಂದ ಟಿಕೆಟ್ ತೆಗೆಯುವ ಮೊದಲೇ ಕೇಳಿಕೊಳ್ಳಿ. ಮನೆ ಸೇರಿದ ಕೂಡಲೇ ಸೈಕಲ್ಲನ್ನು ಸಿಹಿನೀರಿನಿಂದ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ. ಉಪ್ಪುಗಾಳಿ ತಾಗಿದ ಚೈನು ಒಂದೆರಡು ದಿನದಲ್ಲೇ ತುಕ್ಕು ಹಿಡಿಯತೊಡಗುತ್ತದೆ.