ಹಳೇ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್: ಬದಲಿಸಬೇಕಾ, ಮುಟ್ಟದೇ ಬಿಡಬೇಕಾ?

ನೀವು ಕೇಳಿರುವುದು ಇಷ್ಟು: 2011ರ ಹೋಂಡಾ ಸಿಟಿ ಆಟೋಮ್ಯಾಟಿಕ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 1,10,000 ಕಿ.ಮೀ. ಓಡಿದೆ, ಹಳೇ ಸರ್ವಿಸ್ ದಾಖಲೆ ಇಲ್ಲ. ಹಾಸನದ ಒಬ್ಬ ಮೆಕ್ಯಾನಿಕ್ "ಇಷ್ಟು ವರ್ಷ ಮುಟ್ಟದೇ ಇರೋದನ್ನ ಈಗ ಮುಟ್ಟಿದರೆ ಗೇರ್ ಸ್ಲಿಪ್ ಹೊಡೆಯುತ್ತೆ" ಅಂದಿದ್ದಾರೆ. ಇನ್ನೊಬ್ಬರು ಮಿಷನ್ ಹಾಕಿ ಪೂರ್ತಿ ಫ್ಲಶ್ ಮಾಡಿಸಿ, ಅಂದರೆ ಒತ್ತಡ ಹಾಕಿ ಹಳೇ ಆಯಿಲನ್ನೆಲ್ಲಾ ಹೊರದಬ್ಬಿಸಿ, ಅಂದಿದ್ದಾರೆ. ಶಿರಾಡಿ ಘಾಟಿ ಹತ್ತಿ ಇಳಿಯುವುದು ನಿಮಗೆ ಮಾಮೂಲು.

ಎರಡೂ ಬೇಡ. ಗೇರ್‌ಬಾಕ್ಸ್ ಇವತ್ತು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಆಯಿಲ್ ಬದಲಿಸಿ. ಕೆಳಗಿನ ಬೋಲ್ಟ್ ಬಿಚ್ಚಿ ತಾನಾಗಿ ಎಷ್ಟು ಇಳಿಯುತ್ತದೋ ಅಷ್ಟನ್ನೇ ಇಳಿಸಿ, ಅಷ್ಟನ್ನೇ ತುಂಬಿಸಿ. ಸಾವಿರ ಕಿ.ಮೀ. ಓಡಿಸಿ ಮತ್ತೊಮ್ಮೆ, ಇನ್ನೊಂದು ಸಾವಿರಕ್ಕೆ ಮಗದೊಮ್ಮೆ. ಈಗಾಗಲೇ ಸ್ಲಿಪ್ ಆಗುತ್ತಿದ್ದರೆ (ಗೇರ್ ಹಿಡಿಯದೆ ಜಾರುತ್ತಿದ್ದರೆ) ಮಾತ್ರ ಲೆಕ್ಕ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ.

"ಹೊಸ ಆಯಿಲ್ ಹಾಕಿದ ಮೇಲೆ ಗೇರ್‌ಬಾಕ್ಸ್ ಹೋಯಿತು" ಅನ್ನುವ ಮಾತು ಸುಳ್ಳಲ್ಲ, ಆದರೆ ಕಾರಣ ಬೇರೆ. ನಮ್ಮಲ್ಲಿ ಹೆಚ್ಚಿನವರು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ನೆನಪಿಸಿಕೊಳ್ಳುವುದೇ ಗಾಡಿ ಜರ್ಕ್ ಹೊಡೆಯಲು ಶುರುವಾದ ಮೇಲೆ. ಅಷ್ಟೊತ್ತಿಗೆ ಒಳಗಿನ ಕ್ಲಚ್ ಪ್ಲೇಟ್‌ಗಳ ಲೈನಿಂಗ್ ಸವೆದು, ಅದರ ಪುಡಿ ಆಯಿಲ್‌ನಲ್ಲಿ ಸೇರಿರುತ್ತದೆ. ಸಾಯುತ್ತಿದ್ದ ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ವಾರದಲ್ಲೇ ಸತ್ತರೆ ಅಪವಾದ ಆಯಿಲ್ ಮೇಲೆ ಬರುತ್ತದೆ. ಇನ್ನು ಮಿಷನ್ ಫ್ಲಶ್: ಸದ್ದಿಲ್ಲದೆ ತಳದಲ್ಲಿ ಕೂತಿದ್ದ ಗಸಿಯನ್ನು ಅದು ಒಂದೇ ಸಲಕ್ಕೆ ಎಬ್ಬಿಸಬಹುದು. ಆ ಗಸಿ ವಾಲ್ವ್ ಬಾಡಿಯ (ಆಯಿಲನ್ನು ಬೇಕಾದ ಕಡೆ ಹರಿಸುವ ಭಾಗ) ಸಣ್ಣ ದಾರಿಗಳಿಗೋ ಸೊಲೆನಾಯ್ಡ್‌ನ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಜಾಲರಿಗೋ ಸಿಕ್ಕಿಕೊಂಡರೆ ಆಯಿಲ್ ಒತ್ತಡ ಕುಸಿಯುತ್ತದೆ, ಕ್ಲಚ್ ಸರಿಯಾಗಿ ಹಿಡಿಯುವುದಿಲ್ಲ. ಚರಿತ್ರೆ ಗೊತ್ತಿಲ್ಲದ ಗಾಡಿಗೆ ಈ ಅಪಾಯ ಯಾಕೆ ಬೇಕು?

ಇದಕ್ಕೆ ವಿರುದ್ಧವಾಗಿ, ಮುಟ್ಟದೇ ಬಿಡುವುದೂ ಕ್ಷೇಮವಲ್ಲ. ಈ ಆಯಿಲ್ ಬರೀ ಜಾರಿಕೆಗೆ ಇರುವುದಲ್ಲ. ಕ್ಲಚ್ಚನ್ನು ಒತ್ತಿ ಹಿಡಿಯುವುದು ಅದರ ಒತ್ತಡ, ಟಾರ್ಕ್ ಕನ್ವರ್ಟರ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ, ಆಯಿಲ್ ತುಂಬಿದ ಕೊಂಡಿ) ಮೂಲಕ ಎಂಜಿನ್ನಿನ ಶಕ್ತಿ ದಾಟಿಸುವುದೂ ಅದೇ, ಶಾಖ ಹೊರಗೆ ಸಾಗಿಸುವುದೂ ಅದೇ. ಶಾಖ ಹತ್ತು ಡಿಗ್ರಿ ಏರಿದರೆ ಆಯಿಲ್ ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಈ ಕೆಲಸದಲ್ಲಿ ಎಲ್ಲರೂ ಇಟ್ಟುಕೊಳ್ಳುವ ಅಂದಾಜು. ಗುಂಡ್ಯದಿಂದ ಸಕಲೇಶಪುರಕ್ಕೆ ಲಾರಿ ಹಿಂದೆ ತೆವಳುತ್ತಾ ಹತ್ತುವಾಗ, ಕೊಟ್ಟಿಗೆಹಾರದ ಕಡೆಗೆ ಚಾರ್ಮಾಡಿ ಹತ್ತುವಾಗ, ರಜಾದಿನ ಮುಳ್ಳಯ್ಯನಗಿರಿ ದಾರಿಯಲ್ಲಿ ಏರಿನಲ್ಲೇ ಕ್ಯೂ ನಿಂತಾಗ ಕನ್ವರ್ಟರ್ ಲಾಕ್ ಆಗುವುದಿಲ್ಲ (ಅದರ ಎರಡೂ ಬದಿ ಒಂದಾಗಿ ತಿರುಗುವುದಿಲ್ಲ), ಒಳಗೆ ಆಯಿಲ್ ಕಡೆದು ಕಡೆದು ಬಿಸಿಯಾಗುತ್ತದೆ. ಹಾಸನದಿಂದ ಬೆಂಗಳೂರಿಗೆ ಸಮತಟ್ಟು ಹೆದ್ದಾರಿಯಲ್ಲಿ ಓಡುವ ಗಾಡಿಗೂ ಘಾಟಿ ಹತ್ತುವ ಗಾಡಿಗೂ ಒಂದೇ ಲೆಕ್ಕ ಹಿಡಿಯಬೇಡಿ. "ಲೈಫ್‌ಟೈಮ್ ಆಯಿಲ್" ಅನ್ನುವ ಮಾತನ್ನೂ ನಂಬಬೇಡಿ. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ ಎನ್ನುತ್ತದೆ.

ತೀರ್ಮಾನಕ್ಕೆ ಮುಂಚೆ ಒಂದು ಗಂಟೆ ಖರ್ಚು ಮಾಡಿ ಇಷ್ಟು ನೋಡಿ. ಹದಿನೈದು ನಿಮಿಷ ಓಡಿಸಿ ಬಿಸಿಯಾದ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿ ಎನ್‌ನಿಂದ ಡಿಗೆ, ಮತ್ತೆ ಎನ್‌ನಿಂದ ಆರ್‌ಗೆ ಹಾಕಿ. ಒಂದು ಒಂದೂವರೆ ಸೆಕೆಂಡಿನಲ್ಲಿ ಹಿಡಿಯಬೇಕು. ಹಿಡಿಯಲು ತಡವಾದರೆ ಒತ್ತಡ ಕಡಿಮೆ. ಆಮೇಲೆ ರಸ್ತೆಯಲ್ಲಿ ಓಡಿಸಿ: ಗೇರ್ ಬದಲಾಗುವಾಗ ವೇಗ ಏರದೆ ಆರ್‌ಪಿಎಂ ಮಾತ್ರ ಹಾರಿದರೆ ಅದೇ ಸ್ಲಿಪ್. 60–80ರ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿಕೊಂಡು ಹೋಗುವಾಗ ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ಸಣ್ಣಗೆ ನಡುಗಿದರೆ ಅದು ಕನ್ವರ್ಟರ್ ಲಾಕಪ್ ಕ್ಲಚ್ಚಿನ ನಡುಕ. ಈ ಒಂದು ಕಾಯಿಲೆ ಹೊಸ ಆಯಿಲ್‌ಗೆ ಎಷ್ಟೋ ಸಲ ವಾಸಿಯಾಗುತ್ತದೆ, ಯಾಕೆಂದರೆ ಆಯಿಲ್‌ನಲ್ಲಿರುವ ಘರ್ಷಣೆ ಹದಗೊಳಿಸುವ ರಾಸಾಯನಿಕ ಮುಗಿದಿರುವುದೇ ಅದಕ್ಕೆ ಸಾಮಾನ್ಯ ಕಾರಣ. ಡಿಗೆ ಹಾಕಿದ ತಕ್ಷಣ 'ಧಡ್' ಅಂದರೆ ಮೊದಲು ಎಂಜಿನ್ ಮೌಂಟ್ (ಎಂಜಿನ್ನನ್ನು ಹಿಡಿದಿರುವ ರಬ್ಬರ್ ಆಸರೆ) ನೋಡಿಸಿ. ರಬ್ಬರ್ ಹರಿದ ಮೌಂಟಿನ ತಪ್ಪಿಗೆ ಗೇರ್‌ಬಾಕ್ಸ್ ಇಳಿಸಿದವರು ಕಡಿಮೆಯಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಡಿ ದೀಪ ಮಿಣುಕುತ್ತಿದ್ದರೆ ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸದೆ ಏನನ್ನೂ ಬಿಚ್ಚಬೇಡಿ.

ಇನ್ನು ಗೇರ್‌ಬಾಕ್ಸಿನ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ. ಒಂದು ತೊಟ್ಟನ್ನು ಬಿಳೀ ಟಿಶ್ಯೂ ಮೇಲೆ ಬಿಟ್ಟು ಐದು ನಿಮಿಷ ಇಡಿ. ಕೆಂಪು ಅಥವಾ ಕೆಂಪುಗಂದು ಬಣ್ಣಕ್ಕೆ ಅಗಲವಾಗಿ ಹರಡಿದರೆ ಚೆನ್ನಾಗಿದೆ. ಟೀ ಡಿಕಾಕ್ಷನ್ ಬಣ್ಣವಿದ್ದು ಸುಟ್ಟ ವಾಸನೆ ಇಲ್ಲದಿದ್ದರೆ ಹಳತಾಗಿದೆ, ಬದಲಿಸಿ. ಹರಡದೆ ನಡುವೆ ಕಪ್ಪು ಚುಕ್ಕೆಯಾಗಿ ಕೂತು, ಬೆರಳಿಗೆ ತರಿತರಿ ಸಿಕ್ಕಿ, ಸುಟ್ಟ ವಾಸನೆ ಹೊಡೆದರೆ ಕ್ಲಚ್ ಲೈನಿಂಗ್ ಆಯಿಲ್‌ಗೆ ಬಂದಿದೆ ಎಂದರ್ಥ. ಗುಲಾಬಿ ಹಾಲಿನ ಹಾಗೆ ಕಂಡರೆ ನೀರು ಸೇರಿದೆ: ರೇಡಿಯೇಟರ್ ಜೊತೆಯಿರುವ, ಆಯಿಲ್ ತಣಿಸುವ ಕೂಲರ್ ಒಡೆದಿರಬಹುದು, ಇಲ್ಲವೇ ಮಳೆಗಾಲದಲ್ಲಿ ಹಳ್ಳದ ನೀರಿಗೆ ಇಳಿಸಿದಾಗ ಬಿಸಿ ಗೇರ್‌ಬಾಕ್ಸ್ ಥಟ್ಟನೆ ತಣಿದು ಗಾಳಿಯಾಡುವ ಬ್ರೀದರ್ ಕಿಂಡಿಯಿಂದ ನೀರು ಎಳೆದುಕೊಂಡಿರಬಹುದು. ಮೂಡಿಗೆರೆ ಕಡೆಯವರು ಇದನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ನೋಡಬೇಕು. ನೀರು ಸೇರಿದ್ದರೆ ಗಾಡಿ ಓಡಿಸಬೇಡಿ. ಕ್ಲಚ್ ಪ್ಲೇಟಿನ ಅಂಟು ಬಿಟ್ಟುಕೊಳ್ಳುತ್ತದೆ.

ನಿಮ್ಮ ಗಾಡಿಗೆ ಬೇಕಿರುವುದು ಹೋಂಡಾದ ಡಿಡಬ್ಲ್ಯು-1 ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್. ಹಿಂದೆ ಇದ್ದ ಝಡ್-1ರ ಜಾಗಕ್ಕೆ ಬಂದಿದ್ದು ಇದೇ, ಹಳೆಯದರ ಜೊತೆ ಬೆರೆತರೂ ತೊಂದರೆಯಿಲ್ಲ. "ಕೆಂಪು ಆಯಿಲ್ ಎಲ್ಲಾ ಒಂದೇ" ಅಂತ ಪವರ್ ಸ್ಟೀರಿಂಗ್‌ಗೆ ಹಾಕುವ ಡೆಕ್ಸ್‌ರಾನ್ ಸುರಿಯಲು ಬಿಡಬೇಡಿ. ಸೀಲ್ ಒಡೆಯದ ಡಬ್ಬವನ್ನು ನೀವೇ ತನ್ನಿ. 2014ರಿಂದ ಬಂದ, ಹೈಬ್ರಿಡ್ ಅಲ್ಲದ ಆಟೋಮ್ಯಾಟಿಕ್ ಸಿಟಿಯಲ್ಲಿರುವುದು ಸಿವಿಟಿ (ಗೇರ್ ಹಂತಗಳಿಲ್ಲದ ಬೆಲ್ಟ್ ಗೇರ್‌ಬಾಕ್ಸ್), ಅದಕ್ಕೆ ಎಚ್‌ಸಿಎಫ್-2 ಬೇಕು. ಮಾರುತಿಯ ಎಜಿಎಸ್ ಗಾಡಿಗಳಲ್ಲಿ ಗೇರ್ ತಾನಾಗಿ ಬದಲಾದರೂ ಒಳಗೆ ಇರುವುದು ಮ್ಯಾನುವಲ್ ಗೇರ್‌ಬಾಕ್ಸೇ, ಅಲ್ಲಿ ಈ ಲೆಕ್ಕ ಯಾವುದೂ ನಡೆಯದು.

ಕೆಲಸ ದೊಡ್ಡದಲ್ಲ, ಆದರೆ ಎದುರಿಗೆ ನಿಂತು ಮಾಡಿಸಿ. ಗಾಡಿ ಬಿಸಿಯಾಗಿರಲಿ, ರ‍್ಯಾಂಪ್ ಮೇಲೆ ಮಟ್ಟವಾಗಿ ನಿಂತಿರಲಿ. ಕೆಳಗೆ ಎರಡು ಡ್ರೈನ್ ಬೋಲ್ಟ್ ಇರುತ್ತವೆ. 17ರ ಸ್ಪ್ಯಾನರ್ ಕೂರುವುದು ಎಂಜಿನ್ ಆಯಿಲ್‌ನದು. ನಡುವೆ ಚೌಕ ಗುಳಿಯಿದ್ದು 3/8 ಇಂಚಿನ ರ‍್ಯಾಚೆಟ್ ನೇರವಾಗಿ ಕೂರುವುದು ಗೇರ್‌ಬಾಕ್ಸಿನದು. ಹೋಂಡಾದಲ್ಲಿ ಇದೇ ದೊಡ್ಡ ಯಡವಟ್ಟು: ಎಂಜಿನ್ ಆಯಿಲ್ ಬದಲಿಸಲು ಬಂದ ಹುಡುಗ ಗೇರ್‌ಬಾಕ್ಸಿನದ್ದನ್ನು ಬಿಚ್ಚುತ್ತಾನೆ, ತುಂಬುವುದು ಎಂಜಿನ್‌ಗೆ. ಎಂಜಿನ್‌ನಲ್ಲಿ ಎರಡರಷ್ಟು, ಗೇರ್‌ಬಾಕ್ಸಿನಲ್ಲಿ ಅರ್ಧ ಖಾಲಿ.

ಬಿಚ್ಚಿದ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದೆ, ಅದನ್ನು ಒರೆಸುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಕಾಡಿಗೆಯಷ್ಟು ನುಣ್ಣಗಿನ ಬೂದು ಲೇಪ ಇರುವುದು ಸಹಜ. ಚಕ್ಕೆ, ಸೂಜಿಯಂಥ ಚೂರು ಸಿಕ್ಕರೆ ಒಳಗೆ ಬೇರಿಂಗೋ ಗೇರೋ ತಿನ್ನುತ್ತಿದೆ. ಇಳಿದ ಆಯಿಲನ್ನು ಅಳತೆ ಗುರುತಿರುವ ಡಬ್ಬಕ್ಕೆ ಹಿಡಿಸಿ. ಸುಮಾರು ಎರಡೂವರೆ ಲೀಟರ್ ಬರುತ್ತದೆ. ತೀರಾ ಕಡಿಮೆ ಬಂದರೆ ಮೊದಲೇ ಸೋರಿತ್ತು ಎಂದರ್ಥ, ಆಕ್ಸಲ್ ಸೀಲ್ ಮತ್ತು ಕೂಲರ್ ಪೈಪ್ ನೋಡಿಸಿ. ಹೊಸ 18 ಎಂಎಂ ವಾಷರ್ ಹಾಕಿ 49 ನ್ಯೂಟನ್ ಮೀಟರ್‌ಗೆ ಬಿಗಿಸಬೇಕು. ಕೇಸ್ ಅಲ್ಯುಮಿನಿಯಂ, ಉದ್ದ ಹ್ಯಾಂಡಲ್ ಹಾಕಿ ಜಗ್ಗಿದರೆ ಥ್ರೆಡ್ ಹೋಗುತ್ತದೆ. ಈ ಗಾಡಿಯ ಗೇರ್‌ಬಾಕ್ಸ್‌ಗೆ ಬಿಚ್ಚುವ ಆಯಿಲ್ ಪ್ಯಾನ್ ಇಲ್ಲ, ಜಾಲರಿ ಕೇಸಿನ ಒಳಗಿದೆ. "ಪ್ಯಾನ್ ಇಳಿಸಿ ಫಿಲ್ಟರ್ ಬದಲಿಸುತ್ತೇನೆ" ಅನ್ನುವವರಿಗೆ ಈ ಗಾಡಿ ಗೊತ್ತಿಲ್ಲ.

ಉದ್ದ ಕೊಳವೆಯ ಲಾಳಿಕೆ ಇಟ್ಟು ಇಳಿದಷ್ಟನ್ನೇ ತುಂಬಿಸಿ. ಎಂಜಿನ್ ಶುರುಮಾಡಿ, ಬ್ರೇಕ್ ಒತ್ತಿಕೊಂಡು ಪ್ರತಿ ಗೇರಿಗೂ ಕೆಲವು ಸೆಕೆಂಡ್ ಹಾಕಿ ಪಿಗೆ ತನ್ನಿ. ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಬಿಸಿಮಾಡಿ, ಎಂಜಿನ್ ಆಫ್ ಮಾಡಿ, 60 ಸೆಕೆಂಡ್ ಕಾದು, 90 ಸೆಕೆಂಡ್ ದಾಟುವ ಮುಂಚೆ ಡಿಪ್‌ಸ್ಟಿಕ್ ನೋಡಿ. ಎರಡು ಗುರುತುಗಳ ನಡುವೆ ಇರಬೇಕು. ಹ್ಯುಂಡೈಯ ಹಳೇ ನಾಲ್ಕು ಗೇರಿನ ಆಟೋಮ್ಯಾಟಿಕ್‌ಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಆ ಅಭ್ಯಾಸದಲ್ಲಿ ಹೋಂಡಾ ನೋಡಿದರೆ ಕಡಿಮೆ ತೋರಿಸುತ್ತದೆ, ಮೆಕ್ಯಾನಿಕ್ ಹೆಚ್ಚು ಸುರಿಯುತ್ತಾರೆ. ಹೆಚ್ಚಾದರೆ ಗೇರ್‌ಗಳು ಆಯಿಲ್ ಕಡೆದು ನೊರೆ ಎಬ್ಬಿಸುತ್ತವೆ. ನೊರೆಗೆ ಒತ್ತಡ ಹಿಡಿಯುವ ಶಕ್ತಿಯಿಲ್ಲ, ಕ್ಲಚ್ ಜಾರಿ ಸುಡುತ್ತದೆ.

ಮೂರು ಸಲ ಯಾಕೆ ಅಂದರೆ, ಒಟ್ಟು ಆಯಿಲ್ ಆರು ಲೀಟರ್ ಎಂದು ಹಿಡಿಯಿರಿ. ಪ್ರತಿ ಸಲ ಎರಡೂವರೆ ಲೀಟರ್ ಬದಲಾದರೆ ಮೊದಲ ಸಲಕ್ಕೆ ಶೇ 42, ಎರಡನೆಯದಕ್ಕೆ ಶೇ 66, ಮೂರನೆಯದಕ್ಕೆ ಶೇ 80ರಷ್ಟು ಹೊಸದಾಗುತ್ತದೆ. ನಾಲ್ಕನೆಯದರಿಂದ ಸಿಗುವ ಲಾಭ ಕಡಿಮೆ. ಮೊದಲ ಸಲದ ನಂತರ ಗೇರ್ ಬೀಳುವುದು ಒಂದೆರಡು ದಿನ ಕೊಂಚ ಬೇರೆ ಅನ್ನಿಸಿದರೆ ಗಾಬರಿ ಬೇಡ.

ಈಗ ಸ್ಲಿಪ್ ಇರುವ ಗಾಡಿಯ ವಿಷಯ. ಮೊದಲು ಮಟ್ಟ ನೋಡಿ. ಕಡಿಮೆಯಿದ್ದು ಸ್ಲಿಪ್ ಆಗುತ್ತಿದ್ದರೆ ಸೋರಿಕೆ ನಿಲ್ಲಿಸಿ ತುಂಬಿಸಿದರೆ ಸಾಕಾಗಬಹುದು. ಮಟ್ಟ ಸರಿಯಿದ್ದು, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದರೆ ಆಯಿಲ್‌ಗೆ ದುಡ್ಡು ಹಾಕಬೇಡಿ. ಸವೆದ ಲೈನಿಂಗನ್ನು ಯಾವ ಆಯಿಲೂ, ಯಾವ ಬಾಟಲಿ ಔಷಧವೂ ಮತ್ತೆ ಬೆಳೆಸುವುದಿಲ್ಲ. ಬಿಚ್ಚಿ ಕ್ಲಚ್ ಪ್ಲೇಟ್, ಸೀಲ್ ಹಾಕಿಸುವ ಖರ್ಚನ್ನು ಬರಹದಲ್ಲಿ ತಗೊಂಡು, ಗಾಡಿಯ ಇವತ್ತಿನ ಬೆಲೆಯ ಪಕ್ಕ ಇಟ್ಟು ನೋಡಿ. ಅರ್ಧಕ್ಕಿಂತ ಹೆಚ್ಚಾದರೆ ನಾನಾದರೆ ಮಾಡಿಸುವುದಿಲ್ಲ. ಇದ್ದ ಹಾಗೆ ತಿಳಿಸಿ ಮಾರುತ್ತೇನೆ.

ಗಾಡಿ ಚೆನ್ನಾಗಿದ್ದರೆ ನಿಮ್ಮ ಘಾಟಿ ಓಡಾಟಕ್ಕೆ ಮುಂದೆ 40,000 ಕಿ.ಮೀ.ಗೊಮ್ಮೆ ಒಂದೊಂದು ಸಲ ಇಳಿಸಿ ತುಂಬಿಸಿದರೆ ಸಾಕು. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್‌ನಿಂದ ಗಾಡಿ ತಡೆದು ಹಿಡಿಯಬೇಡಿ, ಬ್ರೇಕ್ ಒತ್ತಿ. ತಿರುವುಗಳಲ್ಲಿ ಗೇರ್ ಮೇಲೆ ಕೆಳಗೆ ಓಡಾಡುತ್ತಿದ್ದರೆ ಎಸ್‌ಗೆ (ಸ್ಪೋರ್ಟ್) ಹಾಕಿ, ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಎರಡನೇ ಗೇರ್ ಹಿಡಿದುಕೊಂಡು ಹತ್ತಿ. ಇಳಿಯುವಾಗಲೂ ಅದೇ ಗೇರ್. ಇಳಿಸಿದ ಹಳೇ ಆಯಿಲನ್ನು ಚರಂಡಿಗೋ ತೋಟಕ್ಕೋ ಚೆಲ್ಲಲು ಬಿಡದೆ ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೇ ಹಾಕಿಸಿ.